ಹಳೆಯ ಡಿ50 ಡೋಜರ್: ಬ್ಲೇಡ್ ಪಿವೋಟ್ ಎಲ್ಲಾ ಲೂಸ್, ವೆಲ್ಡಿಂಗ್ ಎಳೆಯಲಾ, ಬುಷ್ ಹಾಕಿಸಲಾ?

ಗರಸುಮಣ್ಣು

ಎಲ್ಲರಿಗೂ ನಮಸ್ಕಾರ. ನಮ್ಮ ಹತ್ತಿರ ಒಂದು ಹಳೆಯ ಬಿಇಎಂಎಲ್ ಡಿ50 ಇದೆ, ಎ-15 ಮಾಡೆಲ್. ಕೊಪ್ಪಳದ ಕಡೆ ಹೊಲ ಸಮ ಮಾಡುವುದು, ಬದು ಹಾಕುವುದು, ಬೇಸಿಗೆಯಲ್ಲಿ ಕೆರೆ ಹೂಳು ತಳ್ಳುವುದು ಅದರ ಕೆಲಸ. ಎಂಜಿನ್ ಬಗ್ಗೆ ದೂರಿಲ್ಲ. ಚೈನು, ರೋಲರ್ ಇನ್ನೂ ಒಂದೆರಡು ಸೀಸನ್ ಬರುತ್ತವೆ. ತಲೆನೋವೆಲ್ಲ ಬ್ಲೇಡಿನದು.

ಸಿ-ಫ್ರೇಮ್ (ಬ್ಲೇಡನ್ನು ಹೊರುವ ‘ಸಿ’ ಆಕಾರದ ಚೌಕಟ್ಟು) ಇರುವ ಆಂಗಲ್ ಬ್ಲೇಡ್, ಎಡಕ್ಕೋ ಬಲಕ್ಕೋ ಓರೆ ಮಾಡಬಹುದಾದದ್ದು. ರಿವರ್ಸ್ ಬಂದು ಮತ್ತೆ ಮುಂದೆ ಹೋಗುವಾಗ ಮೊದಲು ‘ಢಬ್’ ಅಂತ ಸದ್ದು, ಆಮೇಲೆ ಬ್ಲೇಡ್ ಮಣ್ಣು ಹಿಡಿಯುತ್ತದೆ. ಸಮ ಮಾಡಿದ ಹೊಲ ನೋಡಿದರೆ ಅಲೆ ಅಲೆ. ನೀರು ಬಿಟ್ಟಾಗ ರೈತರು ಬೈಯುತ್ತಾರೆ, ಅವರು ಬೈಯುವುದೂ ಸರಿಯೇ. ಎಡಗಡೆ ಸ್ಟ್ರಟ್‌ನ (ಬ್ಲೇಡಿಗೆ ಹಿಂದಿನಿಂದ ಆಸರೆ ಕೊಡುವ ತೋಳಿನ) ಹಿಂದಿನ ಪಿನ್ನು ಬಿಚ್ಚಿ ನೋಡಿದೆವು. ಲಗ್ಗಿನ (ಪಿನ್ನು ಹಿಡಿಯುವ ಕಿವಿಯಂಥ ಭಾಗದ) ತೂತು ಓವಲ್ ಆಗಿದೆ, ಪಿನ್ನು ನಡುವೆ ಸವೆದು ಸಣ್ಣಗಾಗಿದೆ. ಹಿಂದಿನ ಮಾಲೀಕರ ಕಾಲದಲ್ಲೇ ಯಾರೋ ಅದರ ಮೇಲೆ ವೆಲ್ಡಿಂಗ್ ಎಳೆದಿರುವ ಗುರುತೂ ಇದೆ.

ಊರಿನ ವೆಲ್ಡರ್ ಹೇಳುವುದು: ಪಿನ್ನಿನ ಮೇಲೆ ವೆಲ್ಡಿಂಗ್ ಎಳೆದು, ಗ್ರೈಂಡ್ ಮಾಡಿ, ಬಡಿದು ಕೂರಿಸೋಣ, ಒಂದೇ ದಿನದ ಕೆಲಸ. ಹೊಸಪೇಟೆಯ ಲೇತ್‌ನವರು ಹೇಳುವುದು: ಲೈನ್ ಬೋರಿಂಗ್ ಮಾಡಿ, ಅಂದರೆ ಲಗ್ಗಿನ ತೂತುಗಳನ್ನು ಒಂದೇ ಗೆರೆಯಲ್ಲಿ ಕೊರೆದು, ಬುಷ್ (ತೂತಿನೊಳಗೆ ಕೂರುವ ಕೊಳವೆಯಂಥ ತುಂಡು) ಹಾಕದೆ ಇದು ಸರಿಯಾಗಲ್ಲ. ಎರಡರ ಖರ್ಚಿಗೂ ಅಜಗಜಾಂತರ. ಈಗ ಮಳೆ, ಮಶೀನು ಹೇಗೂ ನಿಂತಿದೆ. ಅನುಭವ ಇರುವವರು ಹೇಳಿ.

ಸ್ಪ್ಯಾನರ್32

ಗರಸುಮಣ್ಣು ಅವರೇ, ಪಿನ್ನಿಗೂ ಬುಷ್ಷಿಗೂ ಆಮೇಲೆ ಬರೋಣ. ನೀವು ಒಂದೇ ಜಾಯಿಂಟ್ ಬಿಚ್ಚಿದ್ದೀರಿ. ಆ ಬ್ಲೇಡಿನಲ್ಲಿ ಆಟ (ಸಡಿಲು) ಬರುವ ಜಾಗ ಇನ್ನೂ ಸಾಕಷ್ಟಿವೆ.

ಹಿಂದಿನಿಂದ ಲೆಕ್ಕ ಹಾಕಿ. ಸಿ-ಫ್ರೇಮಿನ ಎರಡು ತುದಿಗಳು ಟ್ರ್ಯಾಕ್ ಫ್ರೇಮಿಗೆ (ಚೈನು, ರೋಲರ್ ಹೊರುವ ಚೌಕಟ್ಟಿಗೆ) ಸೇರುವ ಟ್ರನಿಯನ್‌ಗಳು, ಅಂದರೆ ಕ್ಯಾಪಿನೊಳಗೆ ಕೂರುವ ಬಾಲ್ ಕೀಲುಗಳು. ಮುಂದೆ ಫ್ರೇಮಿನ ಮೂಗಿನಲ್ಲಿ ಬ್ಲೇಡ್ ಕೂರುವ ಮಧ್ಯದ ಬಾಲ್. ಎರಡೂ ಕಡೆ ಸ್ಟ್ರಟ್‌ಗಳು, ಅವುಗಳ ಹಿಂದಿನ ಪಿನ್ನು, ಬ್ಲೇಡಿನ ಕಡೆಯ ಪಿನ್ನು, ಮೇಲಿನ ಬ್ರೇಸಿನ ಸ್ಕ್ರೂ. ಲಿಫ್ಟ್ ಸಿಲಿಂಡರಿನ ಎರಡು ತುದಿ, ಸಿಲಿಂಡರ್ ಕೂರುವ ಯೋಕ್. ಇವುಗಳಲ್ಲಿ ಯಾವುದು ಎಷ್ಟು ಸವೆದಿದೆ ಅಂತ ಅಳೆಯದೆ ವೆಲ್ಡಿಂಗ್ ಮಶೀನು ಆನ್ ಮಾಡಬೇಡಿ. ಒಂದು ಪಿನ್ನು ಹೊಸದಾಗಿ ಹಾಕಿಸಿ, ಸದ್ದು ಹಾಗೇ ಇದ್ದು, ಬೈಸಿಕೊಂಡ ಮೆಕ್ಯಾನಿಕ್‌ಗಳನ್ನು ಗಣಿಯ ವರ್ಕ್‌ಶಾಪಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ನೋಡುವುದು ಹೀಗೆ. ಸಮ ನೆಲದಲ್ಲಿ ನಿಲ್ಲಿಸಿ. ಜಾಯಿಂಟ್‌ಗಳನ್ನು ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ. ಬ್ಲೇಡ್ ಅಂಚನ್ನು ಗಟ್ಟಿ ದಿಬ್ಬಕ್ಕೆ ತಾಗಿಸಿ, ಆಪರೇಟರ್ ಮೆಲ್ಲಗೆ ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ಮಾಡಲಿ. ನೀವು ಪಕ್ಕಕ್ಕೆ, ದೂರದಲ್ಲಿ ನಿಂತು ನೋಡಿ. ಒಂದು ತುಂಡು ಅಲುಗಿ ಅದರ ಪಕ್ಕದ್ದು ತಡವಾಗಿ ಅಲುಗಿದರೆ ಆಟ ಆ ಎರಡರ ನಡುವೆ. ಕೆಂಪು ತುಕ್ಕಿನ ಪುಡಿ ಹೊರಗೆ ಬರುತ್ತಿದ್ದರೆ ಅಲ್ಲಿ ಗ್ರೀಸ್ ಹೋಗುತ್ತಿಲ್ಲ, ಕಬ್ಬಿಣವೇ ಪುಡಿಯಾಗುತ್ತಿದೆ.

ಆಮೇಲೆ ಎಂಜಿನ್ ಆಫ್ ಮಾಡಿ, ಬ್ಲೇಡ್ ನೆಲಕ್ಕೆ ಕೂರಿಸಿ. ಹಾರೆಕೋಲಿನಿಂದ ಎತ್ತಿ ಎತ್ತಿ ಡಯಲ್ ಗೇಜಿನಲ್ಲಿ (ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಮೀಟರಿನಲ್ಲಿ) ಅಳೆಯಿರಿ. ಬೆರಳು ಹಾಕಿ ನೋಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಲೀವರ್‌ಹಿಡಿದವ

ನಾನು ಆಪರೇಟರ್. ಒಂದು ಮಾತು ಸೇರಿಸುತ್ತೇನೆ. ಬ್ಲೇಡನ್ನು ಮೊಣಕಾಲೆತ್ತರಕ್ಕೆ ಎತ್ತಿ ಲೀವರ್ ಬಿಟ್ಟು ಸ್ವಲ್ಪ ಹೊತ್ತು ನೋಡಿ, ಕೆಳಗೆ ಯಾರೂ ಇರಬಾರದು. ತಾನಾಗಿ ಇಳಿಯುತ್ತಾ ಬಂದರೆ ಅದು ಹೈಡ್ರಾಲಿಕ್ ತೊಂದರೆ, ಸಿಲಿಂಡರ್ ಪ್ಯಾಕಿಂಗ್ ಅಥವಾ ವಾಲ್ವ್. ಪಿವೋಟಿಗೂ ಅದಕ್ಕೂ ಸಂಬಂಧ ಇಲ್ಲ. ಎರಡೂ ಸೇರಿದರೂ ಹೊಲದಲ್ಲಿ ಅಲೆ ಬರುತ್ತದೆ.

ಇನ್ನೊಂದು, ಟ್ರ್ಯಾಕ್ ಫ್ರೇಮೇ ಅಲುಗುತ್ತಿದೆಯಾ ನೋಡಿ. ಡಿ50ಯಲ್ಲಿ ಟ್ರ್ಯಾಕ್ ಫ್ರೇಮ್ ಹಿಂದೆ ಒಂದು ಕೀಲಿನ ಮೇಲೆ ಮೇಲೆ ಕೆಳಗೆ ಆಡುತ್ತದೆ, ಅದು ಆಡಬೇಕು. ಆದರೆ ಒಳಗೆ ಹೊರಗೆ ಅಡ್ಡಡ್ಡ ಆಡಿದರೆ ಅಲ್ಲಿನ ಬೇರಿಂಗ್ ಹೋಗಿದೆ. ಸಿ-ಫ್ರೇಮ್ ಕೂತಿರುವುದೇ ಅದರ ಮೇಲೆ. ಬುಡ ಅಲುಗಿದರೆ ನೀವು ಮುಂದೆ ಎಷ್ಟೇ ಬುಷ್ ಹಾಕಿದರೂ ಬ್ಲೇಡ್ ನಿಲ್ಲಲ್ಲ.

ಗರಸುಮಣ್ಣು

ಹೇಳಿದಂತೆ ಮಾಡಿದೆವು. ಬ್ಲೇಡ್ ತಾನಾಗಿ ಇಳಿಯುತ್ತಿಲ್ಲ. ಟ್ರ್ಯಾಕ್ ಫ್ರೇಮ್ ಅಡ್ಡ ಆಡುತ್ತಿಲ್ಲ. ಡಯಲ್ ಗೇಜ್ ಲೇತ್‌ನವರಿಂದ ಎರವಲು ತಂದು ಅಳೆದೆವು.

ಎಡ ಟ್ರನಿಯನ್ 4 ಮಿ.ಮೀ., ಬಲ ಟ್ರನಿಯನ್ ಎರಡೂವರೆ. ಮಧ್ಯದ ಬಾಲ್ 3. ಎಡ ಸ್ಟ್ರಟ್ ಹಿಂದಿನ ಪಿನ್ನು 7, ಬ್ಲೇಡಿನ ಕಡೆಯದು 3. ಬಲ ಸ್ಟ್ರಟ್ ಎರಡೂ ಕಡೆ 2ರಿಂದ 3. ಸಿಲಿಂಡರ್ ಪಿನ್ನುಗಳು ಪರವಾಗಿಲ್ಲ, 1ರ ಒಳಗೆ.

ಟ್ರನಿಯನ್ನಿನಲ್ಲಿ ಇಷ್ಟು ಇದೆ ಅಂತ ನನಗೆ ಅಂದಾಜೇ ಇರಲಿಲ್ಲ. ಅಲ್ಲಿ ಮಣ್ಣು ಮೆತ್ತಿಕೊಂಡು ಕಾಣುತ್ತಲೇ ಇರಲಿಲ್ಲ.

ಲೆಕ್ಕದಮೇಷ್ಟ್ರು

ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು. ಈ ಸಂಖ್ಯೆಗಳಿಗೆ ಬ್ಲೇಡ್ ತುದಿಯಲ್ಲಿ ಏನು ಅರ್ಥ ಅಂತ ನೋಡೋಣ. ಟೇಪ್ ಹಿಡಿದು ನಿಮ್ಮ ಮಶೀನಿನ ಅಳತೆ ಹಾಕಿಕೊಳ್ಳಿ, ನಾನು ಸುಮಾರು ಲೆಕ್ಕ ಹಾಕುತ್ತೇನೆ.

ಎರಡು ಟ್ರನಿಯನ್‌ಗಳ ನಡುವೆ 2 ಮೀಟರ್, ಬ್ಲೇಡ್ ಅಗಲ 3.6 ಮೀಟರ್ ಅಂತಿಟ್ಟುಕೊಳ್ಳಿ. ಒಂದು ಟ್ರನಿಯನ್ ಮಾತ್ರ 4 ಮಿ.ಮೀ. ಮೇಲೆದ್ದರೆ ಫ್ರೇಮ್ ಅಷ್ಟು ಓರೆಯಾಗುತ್ತದೆ. 4 ಗುಣಿಸು 3.6 ಭಾಗಿಸು 2. ಬ್ಲೇಡಿನ ಎರಡು ತುದಿಗಳ ಎತ್ತರದಲ್ಲಿ ಸುಮಾರು 7 ಮಿ.ಮೀ. ವ್ಯತ್ಯಾಸ. ನಿಮ್ಮ ಹೊಲದ ಅಲೆಯಲ್ಲಿ ಇದರ ಪಾಲು ದೊಡ್ಡದು.

ಸ್ಟ್ರಟ್ ಪಿನ್ನಿನ 7 ಮಿ.ಮೀ. ಬೇರೆ ಥರ. ಮಧ್ಯದ ಬಾಲ್‌ನಿಂದ ಸ್ಟ್ರಟ್ ಸೇರುವ ಜಾಗ 1.2 ಮೀಟರ್, ಬ್ಲೇಡ್ ತುದಿ 1.8 ಮೀಟರ್ ಆದರೆ, ತುದಿ ಹತ್ತು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಹಿಂದೆ ಮುಂದೆ ಆಡುತ್ತದೆ. ನೀವು ಕೇಳುವ ‘ಢಬ್’ ಹೆಚ್ಚಾಗಿ ಇಲ್ಲಿಂದ ಬರುತ್ತಿದೆ. ಸದ್ದು ಮಾಡುವ ಜಾಯಿಂಟ್ ಒಂದು, ಹೊಲ ಕೆಡಿಸುವ ಜಾಯಿಂಟ್ ಇನ್ನೊಂದು. ಸದ್ದಿನ ಹಿಂದೆ ಮಾತ್ರ ಹೋಗಬೇಡಿ.

ಸ್ಪ್ಯಾನರ್32

ಮೇಷ್ಟ್ರು ಹೇಳಿದ್ದು ಸರಿ. ಹಾಗಾಗಿ ಮೊದಲು ಟ್ರನಿಯನ್. ಖುಷಿಯ ವಿಷಯ ಅಂದರೆ ಅಲ್ಲಿ ಬಹುಶಃ ದುಡ್ಡೇ ಬೇಕಾಗಲ್ಲ.

ಟ್ರನಿಯನ್ ಕ್ಯಾಪಿನ ಕೆಳಗೆ ಶಿಮ್‌ಗಳಿರುತ್ತವೆ, ತೆಳು ತಗಡುಗಳು. ಸವೆದಂತೆ ಅವನ್ನು ತೆಗೆಯುತ್ತಾ ಹೋಗಲಿ ಅಂತಲೇ ಇಟ್ಟಿರುವುದು. ಆದರೆ ನಮ್ಮವರು ಕ್ಯಾಪನ್ನು ಬಿಚ್ಚುವುದೇ ಇಲ್ಲ. ನಿಮ್ಮದರಲ್ಲೂ ಶಿಮ್ ಪೂರ್ತಿ ಉಳಿದಿದ್ದರೆ ಆಶ್ಚರ್ಯ ಇಲ್ಲ.

ಕೆಲಸ ಹೀಗೆ. ಬ್ಲೇಡ್ ಮತ್ತು ಸಿ-ಫ್ರೇಮ್ ಎರಡರ ಕೆಳಗೂ ರೈಲ್ವೆ ಸ್ಲೀಪರಿನಂಥ ಮರದ ದಿಮ್ಮಿ ಕೊಡಿ. ಜಾಕ್ ನಂಬಿ ಕೆಳಗೆ ಹೋಗಬೇಡಿ. ಎಂಜಿನ್ ಆಫ್ ಮಾಡಿದ ಮೇಲೆ ಲೀವರ್ ಎಲ್ಲ ಕಡೆ ಆಡಿಸಿ ಪ್ರೆಶರ್ ಬಿಡಿ. ಒಂದು ಕಡೆಯ ಕ್ಯಾಪ್ ಬಿಚ್ಚಿ, ಬಾಲನ್ನೂ ಕ್ಯಾಪಿನ ಒಳಭಾಗವನ್ನೂ ತೊಳೆಯಿರಿ. ಶಿಮ್ ಎಲ್ಲ ತೆಗೆದು ಕ್ಯಾಪನ್ನು ವಾಪಸ್ ಇಟ್ಟು, ಬಾಲನ್ನು ಮೆಲ್ಲಗೆ ಹಿಡಿಯುವಷ್ಟು ಮಾತ್ರ ಬೋಲ್ಟ್ ಬಿಗಿ ಮಾಡಿ. ಈಗ ಕ್ಯಾಪ್ ಮತ್ತು ಬಾಡಿ ನಡುವೆ ಉಳಿದ ಸಂದನ್ನು ಫೀಲರ್ ಗೇಜಿನಿಂದ (ಸಂದಿಗೆ ತೂರಿಸಿ ಅಳೆಯುವ ತೆಳು ಪಟ್ಟಿಗಳಿಂದ) ನಾಲ್ಕು ಮೂಲೆಯಲ್ಲೂ ಅಳೆಯಿರಿ. ಉದಾಹರಣೆಗೆ ಸಂದು 2.4 ಬಂತು, ಮ್ಯಾನ್ಯುಯಲ್ ಅರ್ಧ ಮಿ.ಮೀ. ಆಟ ಇರಲಿ ಎನ್ನುತ್ತದೆ ಅಂತಾದರೆ 2.9 ಮಿ.ಮೀ. ಶಿಮ್ ಹಾಕಬೇಕು. ಎರಡೂ ಬದಿಗೆ ಸಮ ದಪ್ಪ. ನಿಮ್ಮ ಮಾಡೆಲಿನ ಶಾಪ್ ಮ್ಯಾನ್ಯುಯಲ್‌ನಲ್ಲಿರುವ ಅಂಕಿಯನ್ನೇ ಹಿಡಿಯಿರಿ. ಡಿ50 ಕೆಜಿಎಫ್‌ನ ಕಾರ್ಖಾನೆಯಲ್ಲಿ ತಯಾರಾದದ್ದಾದರೂ ವಿನ್ಯಾಸ ಕೊಮಾಟ್ಸುದು. ಬಿಇಎಂಎಲ್ ಪುಸ್ತಕ ಸಿಗದಿದ್ದರೆ ಅದೇ ಸರಣಿಯ ಕೊಮಾಟ್ಸು ಪುಸ್ತಕ ಹುಡುಕಿ.

ಸಂದೇ ಇಲ್ಲದೆ ಕ್ಯಾಪ್ ಬಾಡಿಗೆ ಕೂತುಬಿಟ್ಟಿತು, ಆದರೂ ಬಾಲ್ ಆಡುತ್ತಿದೆ ಅಂದರೆ ಶಿಮ್ಮಿನ ಕಾಲ ಮುಗಿಯಿತು. ಆಗ ಬಾಲಿಗೆ ಬಿಲ್ಡಪ್ ಮಾಡಿ (ವೆಲ್ಡಿಂಗಿನಿಂದ ಲೋಹ ತುಂಬಿಸಿ) ಲೇತ್‌ನಲ್ಲಿ ಟರ್ನಿಂಗ್ ಮಾಡಿಸಬೇಕು, ಇಲ್ಲ ಕ್ಯಾಪ್ ಬದಲಾಯಿಸಬೇಕು.

ಟ್ಯಾಂಕರ್‌ರಾಜ

ಒಂದು ಡೌಟು. ಅರ್ಧ ಮಿ.ಮೀ. ಯಾಕೆ ಬಿಡಬೇಕು? ಪೂರ್ತಿ ಟೈಟ್ ಮಾಡಿದರೆ ಇನ್ನೂ ಜಾಸ್ತಿ ದಿನ ಬಾಳಿಕೆ ಬರಲ್ವಾ?

ಸ್ಪ್ಯಾನರ್32

ಬರಲ್ಲ. ಸಿ-ಫ್ರೇಮ್ ಒಂದೇ ತುಂಡು, ಅದು ಎರಡು ಬೇರೆ ಬೇರೆ ಟ್ರ್ಯಾಕ್ ಫ್ರೇಮ್‌ಗಳಿಗೆ ಕಟ್ಟಿದೆ. ಎಡ ಚೈನು ಕಲ್ಲು ಹತ್ತಿದಾಗ ಎಡ ಫ್ರೇಮ್ ಮೇಲೇಳುತ್ತದೆ, ಬಲ ಫ್ರೇಮ್ ಕೆಳಗೇ ಇರುತ್ತದೆ. ಆ ಏರಿಳಿತ ನುಂಗಲಿ ಅಂತಲೇ ಅಲ್ಲಿ ಬರೀ ಪಿನ್ನಿನ ಬದಲು ಬಾಲ್ ಕೊಟ್ಟಿರುವುದು. ಟೈಟ್ ಮಾಡಿಬಿಟ್ಟರೆ ಫ್ರೇಮ್ ತಿರುಚಿಕೊಳ್ಳುತ್ತದೆ. ಕ್ಯಾಪ್ ಬೋಲ್ಟ್ ಮುರಿಯುತ್ತದೆ, ಇಲ್ಲವೇ ಸಿ-ಫ್ರೇಮಿನ ಮೂಲೆಯಲ್ಲಿ ಕ್ರ್ಯಾಕ್ ಬರುತ್ತದೆ. ಆಟ ಸೊನ್ನೆ ಮಾಡಲು ಹೋಗಬೇಡಿ, ಮ್ಯಾನ್ಯುಯಲ್ ಹೇಳಿದಷ್ಟು ಇರಲಿ.

ಜುಗಾಡ್‌ಜಂಗಮ

ಎಲ್ಲರೂ ದೊಡ್ಡ ದೊಡ್ಡ ಮಾತು ಹೇಳುತ್ತಿದ್ದೀರಿ. ನಮ್ಮ ಕ್ವಾರಿಯಲ್ಲಿ ಪಿನ್ನಿಗೆ ವೆಲ್ಡಿಂಗ್ ಎಳೆದು ಬಡಿದು ಹಾಕಿ ಒಂದು ಸೀಸನ್ ಓಡಿಸುತ್ತೇವೆ. ಪಿನ್ನು ಹೋದರೆ ಇನ್ನೊಂದು. ಹಳೆಯ ಮಶೀನಿಗೆ ಅಷ್ಟು ದುಡ್ಡು ಸುರಿದರೆ ಯಾವಾಗ ವಾಪಸ್ ಬರುತ್ತದೆ? ಕ್ವಾರಿಯಲ್ಲಿ ಮಣ್ಣು ತಳ್ಳಲು ಅಲೆ ಬಂದರೇನು, ಬಿಟ್ಟರೇನು?

ಬೋರಿಂಗ್‌ಬಾರ್

ಕ್ವಾರಿಗೆ ಆ ವಾದ ನಡೆಯುತ್ತದೆ, ಒಪ್ಪುತ್ತೇನೆ. ಹೊಲ ಸಮ ಮಾಡುವವರಿಗೆ ನಡೆಯಲ್ಲ. ನಾನು ಪೀಣ್ಯ ಕಡೆ ಲೈನ್ ಬೋರಿಂಗ್ ಕೆಲಸ ಮಾಡುವವನು, ಹಾಗಾಗಿ ನನ್ನ ಮಾತಿನಲ್ಲಿ ನನ್ನ ಹೊಟ್ಟೆಪಾಡೂ ಸೇರಿದೆ ಅಂದುಕೊಳ್ಳಿ. ಆದರೂ ಕೇಳಿ.

ಪಿನ್ನಿಗೆ ವೆಲ್ಡಿಂಗ್ ಎಳೆದರೆ ಎರಡು ತೊಂದರೆ. ಪಿನ್ನಿನ ಮೇಲ್ಮೈಯನ್ನು ಗಟ್ಟಿ ಮಾಡಿರುತ್ತಾರೆ, ವೆಲ್ಡಿಂಗ್ ಶಾಖಕ್ಕೆ ಆ ಗಟ್ಟಿತನ ಹೋಗುತ್ತದೆ, ಬೀಡಿನ ಪಕ್ಕದಲ್ಲಿ ಸಣ್ಣ ಬಿರುಕು ಹುಟ್ಟುತ್ತದೆ. ಇದು ಸಣ್ಣ ತೊಂದರೆ. ದೊಡ್ಡದು ಇನ್ನೊಂದು. ತೂತು ಓವಲ್ ಆಗಿದೆ, ಪಿನ್ನು ಗುಂಡಗಿದೆ. ಓವಲ್ ತೂತಿನಲ್ಲಿ ಗುಂಡು ಪಿನ್ನು ಎರಡೇ ಗೆರೆಯ ಮೇಲೆ ತಾಗುತ್ತದೆ. ಎಲ್ಲ ಭಾರ ಆ ಗೆರೆಯ ಮೇಲೆ. ಗ್ರೈಂಡರಿನಲ್ಲಿ ಉಜ್ಜಿದ ಒರಟು ಪಿನ್ನಾದರೆ ಅರದಂತೆ ಲಗ್ಗನ್ನು ತಿನ್ನುತ್ತದೆ. ಪಿನ್ನು ಮತ್ತೆ ಮಾಡಿಸಬಹುದು. ಲಗ್ ಸಿ-ಫ್ರೇಮಿನ ಭಾಗ, ಅದು ಪೇಟೆಯಲ್ಲಿ ಸಿಗಲ್ಲ.

ಸರಿಯಾದ ದಾರಿ ಅಂದರೆ ತೂತಿಗೆ ಬಿಲ್ಡಪ್ ಮಾಡಿ ಬೋರ್ ಮಾಡುವುದು, ಇಲ್ಲವೇ ತೂತನ್ನು ದೊಡ್ಡದು ಮಾಡಿ ದಪ್ಪ ಬುಷ್ ಕೂರಿಸುವುದು. ಲಗ್ಗಿನಲ್ಲಿ ತೂತಿನ ಸುತ್ತ ಲೋಹ ಸಾಕಷ್ಟಿದ್ದರೆ ಎರಡನೆಯದು ಸುಲಭ, ವೆಲ್ಡಿಂಗ್ ಶಾಖವೇ ಇಲ್ಲ. ಲೋಹ ಕಮ್ಮಿ ಇದ್ದರೆ ಬಿಲ್ಡಪ್ಪೇ ಗತಿ.

ತೂತು ಕೊರೆಯುವ ಬಾರನ್ನು ಸೆಂಟರ್ ಮಾಡುವುದು ಇಡೀ ಕೆಲಸದ ಪ್ರಾಣ. ಹೊಸಬರು ಸವೆದ ತೂತಿನ ನಡುವನ್ನೇ ಸೆಂಟರ್ ಅಂದುಕೊಳ್ಳುತ್ತಾರೆ. ತೂತು ಒಂದು ಕಡೆಗೆ ಮಾತ್ರ ಸವೆದಿರುತ್ತದೆ, ಭಾರ ಬೀಳುವ ಕಡೆಗೆ. ಎದುರು ಬದಿ ಇನ್ನೂ ಹಳೆಯ ಗುಂಡಿನಲ್ಲೇ ಇರುತ್ತದೆ. ಆ ಸವೆಯದ ಬದಿಯಿಂದ ಮೂಲ ವ್ಯಾಸದ ಅರ್ಧ ಅಳೆದು ಸೆಂಟರ್ ಹಿಡಿಯಬೇಕು. ಹೊರ ಅಂಚಿನಲ್ಲಿ ಪಿನ್ನು ತಾಗದ ಉಂಗುರ ಒಂದಿಷ್ಟು ಉಳಿದಿದ್ದರೆ ಇನ್ನೂ ಒಳ್ಳೆಯದು. ಎರಡು ಲಗ್ಗಿನ ತೂತು ಒಂದೇ ಗೆರೆಯಲ್ಲಿ ಬರಬೇಕು, ಅದಕ್ಕೇ ಒಂದೇ ಬಾರಿನಲ್ಲಿ ಎರಡೂ ಕೊರೆಯುವುದು.

ವೆಲ್ಡಿಂಗಿಗೆ 7018 ನಂಬರಿನ ಲೋ ಹೈಡ್ರೋಜನ್ ರಾಡ್. ಪ್ಯಾಕೆಟ್ ಒಡೆದು ಮಳೆಗಾಲದಲ್ಲಿ ಹೊರಗಿಟ್ಟ ರಾಡ್ ಬೇಡವೇ ಬೇಡ. ಓವನ್ನಿನಲ್ಲಿ 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಒಣಗಿಸಿ, ಬಿಸಿ ಡಬ್ಬಿಯಲ್ಲೇ ಇಟ್ಟುಕೊಂಡು ಬಳಸಬೇಕು. ತೇವ ಇದ್ದರೆ ಹೈಡ್ರೋಜನ್ ಒಳಗೆ ಸೇರಿ, ಕೆಲಸ ಮುಗಿದು ಮಾರನೇ ದಿನ ಬಿರುಕು ಬರುತ್ತದೆ. ಲಗ್ಗನ್ನು ಗ್ಯಾಸ್ ಟಾರ್ಚಿನಿಂದ ನೂರು, ನೂರೈವತ್ತು ಡಿಗ್ರಿಗೆ ಬಿಸಿ ಮಾಡಿ ಶುರು ಮಾಡಿ. ಎಡ ಬಲ ಸ್ವಲ್ಪ ಸ್ವಲ್ಪ ಎಳೆಯಿರಿ, ಒಂದೇ ಕಡೆ ತುಂಬಿಸಿದರೆ ಲಗ್ ವಾಲುತ್ತದೆ. ಮುಗಿದ ಮೇಲೆ ಗ್ಲಾಸ್ ವೂಲ್ ಹೊದಿಸಿ ನಿಧಾನವಾಗಿ ಆರಲು ಬಿಡಿ. ಹಾರ್ಡ್‌ಫೇಸಿಂಗ್ ರಾಡ್ (ಮೇಲ್ಮೈಯನ್ನು ಬಹಳ ಗಡಸು ಮಾಡುವ ರಾಡ್) ಮಾತ್ರ ತೂತಿನೊಳಗೆ ಹಾಕಬೇಡಿ, ಆಮೇಲೆ ಟೂಲ್ ಕಚ್ಚಲ್ಲ.

ಬೋರ್ ಮಾಡುವುದು ಎಲ್ಲ ವೆಲ್ಡಿಂಗ್ ಮುಗಿದು ತಣ್ಣಗಾದ ಮೇಲೆ. ಫ್ರೇಮಿನಲ್ಲಿ ಬೇರೆ ಕ್ರ್ಯಾಕ್ ರಿಪೇರಿ ಇದ್ದರೆ ಅದನ್ನೂ ಮೊದಲೇ ಮುಗಿಸಿಕೊಳ್ಳಿ. ಬೋರ್ ಮಾಡಿ ಆಮೇಲೆ ಪಕ್ಕದಲ್ಲಿ ವೆಲ್ಡಿಂಗ್ ಹಚ್ಚಿದರೆ ತೂತು ಮತ್ತೆ ಓರೆ.

ಸಕಲೇಶಪುರದ_ಇಳಿಜಾರು

ನಮ್ಮ ಎಸ್ಟೇಟಿಗೆ ಲೈನ್ ಬೋರಿಂಗ್‌ನವರು ಬರುವುದು ಅಂದರೆ ರಸ್ತೆ, ಮಳೆ, ಕರೆಂಟು ಎಲ್ಲ ಕೂಡಿಬರಬೇಕು. ನಮ್ಮ ಹಳೆಯ ಮೆಕ್ಯಾನಿಕ್ ಬೇರೆ ದಾರಿ ಮಾಡಿದರು. ಸವೆದ ತೂತನ್ನು ಲಗ್ಗಿನಿಂದ ಗ್ಯಾಸ್ ಕಟ್ಟರಿನಲ್ಲಿ ದುಂಡಗೆ ಕತ್ತರಿಸಿ ತೆಗೆದರು. ಲೇತ್‌ನಲ್ಲಿ ಮೊದಲೇ ಬೋರ್ ಮಾಡಿಸಿದ ದಪ್ಪ ಬಾಸ್ (ಉಕ್ಕಿನ ದಪ್ಪ ಬಳೆ) ಎರಡು ತಂದಿದ್ದರು. ಎರಡೂ ಬಾಸ್‌ಗಳ ಒಳಗೆ ಒಂದು ಉದ್ದನೆಯ ಡಮ್ಮಿ ಶಾಫ್ಟ್ ತೂರಿಸಿ, ಶಾಫ್ಟ್ ಸಮೇತ ಲಗ್ಗಿನಲ್ಲಿ ಕೂರಿಸಿ, ನಾಲ್ಕು ಕಡೆ ಟ್ಯಾಕ್ ಹಾಕಿ, ಆಮೇಲೆ ಎದುರು ಬದುರು ವೆಲ್ಡ್ ಮಾಡಿದರು. ಶಾಫ್ಟ್ ತಣ್ಣಗಾಗುವವರೆಗೆ ಒಳಗೇ ಇತ್ತು.

ಬೋರಿಂಗ್‌ಬಾರ್ ಸಾರ್ ಒಪ್ಪುತ್ತಾರೋ ಇಲ್ಲವೋ, ಕೆಲಸ ಮಾಡುತ್ತಿದೆ.

ಬೋರಿಂಗ್‌ಬಾರ್

ಯಾಕೆ ಒಪ್ಪಲ್ಲ? ಅದು ಒಳ್ಳೆಯ ಹಳೆಯ ಪದ್ಧತಿ. ಬಾಸ್ ಎಲ್ಲಿ ಕೂರಬೇಕು ಅನ್ನುವುದನ್ನು ಕತ್ತರಿಸುವ ಮೊದಲೇ ಗುರುತು ಹಾಕಿಕೊಂಡಿರಬೇಕು, ಅಷ್ಟೇ. ಇನ್ನೊಂದು ಕಡೆಯ ಲಗ್ಗಿನಿಂದಲೂ ಬ್ಲೇಡಿನಿಂದಲೂ ಕರ್ಣ ಅಳೆದು ಎರಡೂ ಬದಿ ಸಮ ಇದೆಯಾ ನೋಡಿ. ಇಲ್ಲದಿದ್ದರೆ ಬ್ಲೇಡ್ ಯಾವಾಗಲೂ ಒಂದು ಕಡೆಗೆ ಎಳೆಯುತ್ತದೆ. ವೆಲ್ಡಿಂಗ್ ಆದ ಮೇಲೆ ಬಾಸ್ ಒಳವ್ಯಾಸ ಸ್ವಲ್ಪ ಕುಗ್ಗುತ್ತದೆ, ಡಮ್ಮಿ ಶಾಫ್ಟ್ ಸ್ವಲ್ಪ ಸಡಿಲ ಇರಲಿ. ಇಲ್ಲದಿದ್ದರೆ ಅದನ್ನು ಹೊರತೆಗೆಯಲು ಮತ್ತೊಂದು ಯುದ್ಧ.

ಗರಸುಮಣ್ಣು

ಬುಷ್ ಯಾವುದರಲ್ಲಿ ಮಾಡಿಸಲಿ? ಒಬ್ಬರು ಗನ್‌ಮೆಟಲ್ (ತಾಮ್ರ, ತವರ ಬೆರೆತ ಲೋಹ) ಅಂತಾರೆ, ಇನ್ನೊಬ್ಬರು ಇಎನ್8 ದರ್ಜೆಯ ಉಕ್ಕು ಅಂತಾರೆ.

ಉದ್ಯಮಬಾಗ್_ಲೇತು

ಬೆಳಗಾವಿಯಿಂದ ಬರೆಯುತ್ತಿದ್ದೇನೆ. ಗನ್‌ಮೆಟಲ್ ಚೆನ್ನಾಗಿ ತಿರುಗುವ ಶಾಫ್ಟಿಗೆ. ಇಲ್ಲಿ ತಿರುಗುವುದೇ ಕಮ್ಮಿ, ಹೊಡೆತವೇ ಜಾಸ್ತಿ. ಅದು ಚಪ್ಪಟೆಯಾಗುತ್ತದೆ. ಮೇಲಾಗಿ ಗರಸಿನ ಕಣ ಮೆತ್ತನೆಯ ಲೋಹದಲ್ಲಿ ಚುಚ್ಚಿಕೊಂಡು ಪಿನ್ನನ್ನು ಉಜ್ಜುತ್ತದೆ.

ಪಿನ್ನಿಗೆ ಇಎನ್19 ಅಥವಾ ಇಎನ್24, ಮೇಲ್ಮೈ ಇಂಡಕ್ಷನ್ ಹಾರ್ಡನಿಂಗ್. ಒಳಗಿನ ತಿರುಳು ಗಟ್ಟಿಮುಟ್ಟಾಗಿರಬೇಕು, ಮೇಲೆ ಮಾತ್ರ ಗಡಸು. ಪೂರ್ತಿ ಗಡಸು ಮಾಡಿಸಿದರೆ ಹೊಡೆತಕ್ಕೆ ತುಂಡಾಗುತ್ತದೆ. ಬುಷ್‌ಗೆ ಕೇಸ್ ಹಾರ್ಡನಿಂಗ್ ಮಾಡುವ ಉಕ್ಕು, ಇಎನ್353 ಥರದ್ದು. ದುಡ್ಡು ಕಮ್ಮಿ ಇದ್ದರೆ ಇಎನ್8 ಬುಷ್, ಇಂಡಕ್ಷನ್ ಮಾಡಿಸಿ. ಸುಮ್ನೆ ಎಂಎಸ್ (ಮೆತ್ತನೆಯ ಸಾಧಾರಣ ಉಕ್ಕಿನ) ರಾಡ್ ಕೊರೆದು ಬುಷ್ ಅಂತ ಕೊಡುವವರಿದ್ದಾರೆ, ಹುಷಾರು. ಫೈಲ್ ಹಾಕಿ ಉಜ್ಜಿ ನೋಡಿ. ಫೈಲ್ ಜಾರಿದರೆ ಗಡಸು, ಕಚ್ಚಿದರೆ ಮೆತ್ತಗೆ.

ಪಿನ್ನಿಗೂ ಬುಷ್ಷಿಗೂ ನಡುವೆ ಕಾಲು ಮಿ.ಮೀ. ಆಸುಪಾಸು ಬಿಡಿ. ಮೋಟರ್ ಬೇರಿಂಗಿನಂತೆ ಫಿಟ್ ಮಾಡಬೇಡಿ, ಗ್ರೀಸಿಗೂ ಜಾಗ ಬೇಕಲ್ಲ.

ಜುಗಾಡ್‌ಜಂಗಮ

ನಾವು ಲಾರಿ ಆಕ್ಸಲ್ ಶಾಫ್ಟ್ ತುಂಡು ಮಾಡಿ ಪಿನ್ನು ಮಾಡುತ್ತೇವೆ. ಅದಕ್ಕಿಂತ ಗಟ್ಟಿ ಯಾವುದೂ ಇಲ್ಲ.

ಉದ್ಯಮಬಾಗ್_ಲೇತು

ವ್ಯಾಸ ಸರಿಹೋದರೆ ತಪ್ಪಿಲ್ಲ. ಆದರೆ ಎಲ್ಲಿ ಮುರಿದ ಆಕ್ಸಲ್ ಅಂತ ನೋಡಿಕೊಳ್ಳಿ. ಅದರೊಳಗೆ ಮೊದಲೇ ಬಿರುಕಿದ್ದರೆ ನೀವು ಬಿರುಕನ್ನೂ ಸೇರಿಸಿ ಟರ್ನಿಂಗ್ ಮಾಡಿಸಿದಂತೆ.

ಲೆಕ್ಕದಮೇಷ್ಟ್ರು

ಬುಷ್ ಕೂರಿಸುವ ಬಗ್ಗೆ ಯಾರೂ ಹೇಳಲಿಲ್ಲ. ಹತ್ತು ಪೌಂಡ್ ಸುತ್ತಿಗೆ ಎತ್ತುವ ಮೊದಲು ಇದನ್ನು ಓದಿ.

ಬುಷ್ಷಿನ ಹೊರವ್ಯಾಸ 80 ಮಿ.ಮೀ. ಅಂತಿಟ್ಟುಕೊಳ್ಳಿ. ಗಟ್ಟಿ ಫಿಟ್ ಬೇಕಾದಾಗ ಡ್ರಾಯಿಂಗಿನಲ್ಲಿ ಎಚ್7/ಎಸ್6 ಅಂತ ಬರೆಯುತ್ತಾರೆ. ಆ ಅಳತೆಗೆ ಬುಷ್ ತೂತಿಗಿಂತ 0.03ರಿಂದ 0.08 ಮಿ.ಮೀ. ದಪ್ಪ ಇರುತ್ತದೆ. ಉಕ್ಕು ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ, ಕುಗ್ಗುತ್ತದೆ. 80 ಮಿ.ಮೀ. ಬುಷ್ಷನ್ನು 100 ಡಿಗ್ರಿ ತಣ್ಣಗೆ ಮಾಡಿದರೆ 0.096 ಕುಗ್ಗುತ್ತದೆ.

ಡ್ರೈ ಐಸ್ ಸೊನ್ನೆಗಿಂತ 78 ಡಿಗ್ರಿ ಕೆಳಗಿರುತ್ತದೆ, ಅದು ಸಿಕ್ಕರೆ ಕೆಲಸ ಸುಲಭ. ಸಿಗದಿದ್ದರೂ ಚಿಂತೆ ಇಲ್ಲ. ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿ ಮೈನಸ್ 18ರಲ್ಲಿ ಬುಷ್ಷನ್ನು ಒಂದು ರಾತ್ರಿ ಇಡಿ. 30 ಡಿಗ್ರಿಯಿಂದ ಅಲ್ಲಿಗೆ 48 ಡಿಗ್ರಿ ಇಳಿಕೆ, 0.046 ಕುಗ್ಗಿತು. ಇತ್ತ ಲಗ್ಗನ್ನು ನೂರು ಡಿಗ್ರಿಗೆ ಬಿಸಿ ಮಾಡಿ. 70 ಡಿಗ್ರಿ ಏರಿಕೆ, ತೂತು 0.067 ಹಿಗ್ಗಿತು. ಎರಡೂ ಸೇರಿ 0.11. ಬೇಕಾದ್ದಕ್ಕಿಂತ ಜಾಸ್ತಿಯೇ. ಬುಷ್ ಕೈಯಲ್ಲೇ ಜಾರಿ ಕೂರಬೇಕು. ಆದರೆ ತೂರಿಸುವುದು ಒಂದೇ ಉಸಿರಿನಲ್ಲಿ ಆಗಬೇಕು, ಅರ್ಧದಲ್ಲಿ ನಿಂತರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗ್ರೀಸ್ ತೂತು ಎಲ್ಲಿ ಬರಬೇಕು ಅಂತ ಬುಷ್ ಮತ್ತು ಲಗ್ ಎರಡರ ಮೇಲೂ ಮೊದಲೇ ಗೆರೆ ಹಾಕಿಕೊಳ್ಳಿ.

ಪಶು ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಗೆ ಇಡುವ ಲಿಕ್ವಿಡ್ ನೈಟ್ರೋಜನ್ ಬಗ್ಗೆ ಯಾರಾದರೂ ಹೇಳುತ್ತಾರೆ, ಗೊತ್ತು. ಅದು ಮೈನಸ್ 196. ಈ ಕೆಲಸಕ್ಕೆ ಬೇಕಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಅದು ಆವಿಯಾದರೆ ಉಸಿರಾಡುವ ಗಾಳಿಯೇ ಕಮ್ಮಿಯಾಗುತ್ತದೆ. ಹಸುಗಳಿಗೇ ಬಿಟ್ಟುಬಿಡಿ.

ಲೀವರ್‌ಹಿಡಿದವ

ಮೇಷ್ಟ್ರೇ, ಐಸ್‌ಕ್ರೀಂ ಅಂಗಡಿಯವನಿಗೆ ಏನು ಹೇಳಲಿ? ‘ಎರಡು ಕಬ್ಬಿಣದ ಬುಷ್ ಇಡ್ತೀರಾ, ನಾಳೆ ಬೆಳಿಗ್ಗೆ ಬರ್ತೀನಿ’ ಅಂತಲಾ?

ಲೆಕ್ಕದಮೇಷ್ಟ್ರು

ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಡಿ. ಎರಡು ಫ್ಯಾಮಿಲಿ ಪ್ಯಾಕ್ ಕೊಂಡರೆ ಆತ ಏನೂ ಕೇಳಲ್ಲ.

ಸ್ಪ್ಯಾನರ್32

ಕೆಲವು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಗಡಸು ಪಿನ್ನಿನ ಮೇಲೆ ನೇರ ಸುತ್ತಿಗೆ ಬಿದ್ದರೆ ಚೂರು ಸಿಡಿದು ಕಣ್ಣಿಗೆ ಹೋಗುತ್ತದೆ. ತಾಮ್ರದ ಅಥವಾ ಹಿತ್ತಾಳೆಯ ದಿಂಡು ನಡುವೆ ಇಡಿ, ಕನ್ನಡಕ ಹಾಕಿ. ಕಚ್ಚಿಕೊಂಡ ಪಿನ್ನನ್ನು ಬಡಿಯುವುದಕ್ಕಿಂತ ಹೈಡ್ರಾಲಿಕ್ ಜಾಕ್ ಕೊಟ್ಟು ಒತ್ತಿ, ಲಗ್ಗನ್ನು ಸ್ವಲ್ಪ ಬಿಸಿ ಮಾಡಿದರೆ ಬರುತ್ತದೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ವೈರ್ ತೆಗೆಯಿರಿ. ಅರ್ತಿಂಗ್ ಕ್ಲಾಂಪನ್ನು ವೆಲ್ಡ್ ಮಾಡುವ ತುಂಡಿಗೇ, ಹತ್ತಿರದಲ್ಲೇ ಹಾಕಿ. ಚೈನಿಗೆ ಹಾಕಿ ಬ್ಲೇಡಿನಲ್ಲಿ ವೆಲ್ಡ್ ಮಾಡಿದರೆ ಕರೆಂಟು ರೋಲರ್ ಬೇರಿಂಗ್, ಬಾಲ್ ಎಲ್ಲದರ ಮೂಲಕ ಹೋಗಿ ಗುಳಿ ಬೀಳಿಸುತ್ತದೆ. ಸಿಲಿಂಡರ್ ರಾಡಿನ ಕ್ರೋಮಿಗೆ ಒದ್ದೆ ಗೋಣಿ ಸುತ್ತಿ, ಒಂದು ಕಿಡಿ ಅಂಟಿಕೊಂಡರೂ ಅದು ಆಯಿಲ್ ಸೀಲನ್ನು ಕೊಯ್ಯುತ್ತದೆ.

ಮತ್ತೊಂದು, ಬಹಳ ಜನ ಬಿಡುವುದು. ನಿಮ್ಮ ಎಡ ಪಿನ್ನಿನ ಲಾಕ್ ಪ್ಲೇಟ್ ಇದೆಯಾ ನೋಡಿ. ಪಿನ್ನು ಲಗ್ಗಿನಲ್ಲಿ ತಿರುಗದೆ ನಿಲ್ಲಬೇಕು, ಸ್ಟ್ರಟ್ ಮಾತ್ರ ಪಿನ್ನಿನ ಮೇಲೆ ಆಡಬೇಕು. ಲಾಕ್ ಮುರಿದರೆ ಪಿನ್ನೇ ಲಗ್ಗಿನೊಳಗೆ ತಿರುಗಿ ತಿರುಗಿ ತೂತು ತಿನ್ನುತ್ತದೆ. ಒಂದು ಕಡೆ 7, ಇನ್ನೊಂದು ಕಡೆ 3 ಅಂತ ಬಂದಿರುವುದಕ್ಕೆ ಕಾರಣ ಅದೇ ಇರಬಹುದು.

ಗರಸುಮಣ್ಣು

ಸರಿಯಾಗಿ ಹೇಳಿದಿರಿ ಸಾರ್. ಎಡಗಡೆ ಲಾಕ್ ಪ್ಲೇಟ್ ಇಲ್ಲ. ಬೋಲ್ಟ್ ತಲೆ ಮುರಿದು ಒಳಗೇ ಉಳಿದಿದೆ.

ಕೆಲಸ ಎಲ್ಲಿಗೆ ಬಂತು ಅಂದರೆ: ಟ್ರನಿಯನ್ ಎರಡೂ ಶಿಮ್ಮಿನಲ್ಲೇ ಸರಿಹೋದವು. ಶಿಮ್ ಪೂರ್ತಿ ಹಾಗೇ ಇದ್ದವು, ತುಕ್ಕಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮಧ್ಯದ ಬಾಲ್ ಕ್ಯಾಪಿಗೂ ಶಿಮ್ ಇತ್ತು, ಅದನ್ನೂ ಹಾಗೇ ಮಾಡಿದೆವು. ಇಷ್ಟಕ್ಕೇ ಬ್ಲೇಡ್ ಅರ್ಧ ಸರಿಹೋಗಿದೆ.

ಎಡ ಲಗ್ಗಿನಲ್ಲಿ ಲೋಹ ಚೆನ್ನಾಗಿದೆ ಅಂತ ಲೇತ್‌ನವರು ಬಂದು ನೋಡಿ ಹೇಳಿದರು. ಹಾಗಾಗಿ ಬಿಲ್ಡಪ್ ಬೇಡ, ಬೋರ್ ದೊಡ್ಡದು ಮಾಡಿ ದಪ್ಪ ಬುಷ್. ಬಲಗಡೆ ತೂತು ಗುಂಡಗೇ ಇದೆ, ಪಿನ್ನು ಮಾತ್ರ ಸವೆದಿದೆ. ಅಲ್ಲಿ ಹೊಸ ಪಿನ್ನು ಸಾಕು ಅಂತಾರೆ. ಊರಿನ ವೆಲ್ಡರ್‌ಗೂ ಬೇಸರ ಆಗದಂತೆ ಲಾಕ್ ಪ್ಲೇಟ್ ಕೆಲಸ ಅವರಿಗೇ ಕೊಟ್ಟಿದ್ದೇನೆ.

ಪಿನ್ನಿನ ಪಕ್ಕದ ಸಂದು ಒಂದು ಉಳಿದಿದೆ. ಸ್ಟ್ರಟ್ ಮತ್ತು ಲಗ್ಗಿನ ನಡುವೆ ಅಡ್ಡಕ್ಕೆ 6 ಮಿ.ಮೀ. ಇದೆ. ಅದಕ್ಕೇನು ಮಾಡಲಿ?

ಬೋರಿಂಗ್‌ಬಾರ್

ಎರಡೂ ಬದಿಗೆ ವಾಷರ್ ಹಾಕಿ, ಒಟ್ಟು ಒಂದರಿಂದ ಒಂದೂವರೆ ಮಿ.ಮೀ. ಉಳಿಸಿ. ಹಳೆಯ ಲಾರಿ ಸ್ಪ್ರಿಂಗ್ ಪಟ್ಟಿಯಿಂದ ಕತ್ತರಿಸಿದ ವಾಷರ್ ಬಾಳಿಕೆ ಬರುತ್ತದೆ. ಒಂದೇ ಬದಿಗೆ ಎಲ್ಲ ತುಂಬಿಸಬೇಡಿ, ಸ್ಟ್ರಟ್ ನಡುವಿನಲ್ಲೇ ನಿಲ್ಲಬೇಕು.

ಟ್ಯಾಂಕರ್‌ರಾಜ

ಟ್ರನಿಯನ್ ಬಾಲಿಗೆ ಗ್ರೀಸ್ ಬಳಿಯಬೇಕಾ? ನಮ್ಮಲ್ಲಿ ಕೈಯಿಂದ ಮೆತ್ತುತ್ತಾರೆ.

ಲೀವರ್‌ಹಿಡಿದವ

ನಿಪ್ಪಲ್ ಇರುವ ಕಡೆ ದಿನಾ ಕೊಡಿ, ಹಳೆಯ ಕೊಳೆ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ. ನಿಪ್ಪಲ್ ಇಲ್ಲದ ತೆರೆದ ಬಾಲಿಗೆ ಹೊರಗಿನಿಂದ ಮೆತ್ತಬೇಡಿ. ಗರಸು ಅದಕ್ಕೆ ಅಂಟಿ ಉಜ್ಜುವ ಪೇಸ್ಟ್ ಆಗುತ್ತದೆ.

ಸ್ಪ್ಯಾನರ್32

ಇದರಲ್ಲಿ ನಮ್ಮ ನಮ್ಮಲ್ಲೇ ಜಗಳ ಇದೆ. ಗರಸು, ಮರಳು ಇರುವ ಕಡೆ ಲೀವರ್‌ಹಿಡಿದವರ ಮಾತು ಸರಿ. ಎರೆಮಣ್ಣಿನ ಕಡೆ, ಕೆರೆಯ ಒದ್ದೆ ಹೂಳಿನಲ್ಲಿ, ನಾನು ಕ್ಯಾಪ್ ಮುಚ್ಚುವ ಮೊದಲು ಬಾಲಿಗೆ ತೆಳುವಾಗಿ ಮಾಲಿಬ್ಡಿನಂ ಗ್ರೀಸ್ ಸವರುತ್ತೇನೆ, ತುಕ್ಕು ಹಿಡಿಯದಿರಲಿ ಅಂತ. ಗರಸುಮಣ್ಣು ಅವರು ಎರಡೂ ಕಡೆ ಕೆಲಸ ಮಾಡುತ್ತಾರೆ, ಹಾಗಾಗಿ ಹೂಳಿನ ಕೆಲಸ ಮುಗಿದ ದಿನ ತೊಳೆಯುವುದೇ ದೊಡ್ಡ ಔಷಧಿ.

ಇನ್ನು ಬೋಲ್ಟ್. ಕ್ಯಾಪ್ ಬೋಲ್ಟ್‌ಗಳು ಮೊದಲ ದಿನದ ಕೆಲಸದಲ್ಲೇ ಸ್ವಲ್ಪ ಸಡಿಲಾಗುತ್ತವೆ, ಶಿಮ್‌ಗಳು ಒತ್ತಿಕೊಂಡು ಕೂರುವುದರಿಂದ. ಸಂಜೆ ಟಾರ್ಕ್ ರೆಂಚ್ ಹಿಡಿದು ಮತ್ತೆ ಬಿಗಿ ಮಾಡಿ. ಹಳೆಯ ಬೋಲ್ಟಿನ ಹಲ್ಲು ಎಳೆದಂತೆ ಕಂಡರೆ ಅದೇ ಗ್ರೇಡಿನ ಹೊಸದು ಹಾಕಿ. ತಲೆಯ ಮೇಲೆ 10.9 ಅಂತಿದ್ದರೆ 10.9ನ್ನೇ ತನ್ನಿ, ಅಂಗಡಿಯವರು ಕೊಟ್ಟ 8.8 ಬೇಡ, ಅದರ ಬಲ ಕಮ್ಮಿ.

ಗರಸುಮಣ್ಣು

ಬೋಲ್ಟ್ ಎಲ್ಲ 10.9 ತಂದಿದ್ದೇನೆ. ಬುಷ್ ಫ್ರೀಜರಿನಲ್ಲಿದೆ. ಐಸ್‌ಕ್ರೀಂ ಅಂಗಡಿಯವರು ಒಪ್ಪಲಿಲ್ಲ, ಮೀನಿನ ಅಂಗಡಿಯವರು ಒಪ್ಪಿದರು. ಕೂರಿಸಿದ ಮೇಲೆ ಎಲ್ಲ ಜಾಯಿಂಟಿನ ಅಳತೆ ಮತ್ತೆ ತೆಗೆದು ಇಲ್ಲೇ ಹಾಕುತ್ತೇನೆ.

ಜುಗಾಡ್‌ಜಂಗಮ

ಹಾಕಿ. ನಮ್ಮ ಕ್ವಾರಿ ಡೋಜರಿನ ಟ್ರನಿಯನ್ ಕ್ಯಾಪನ್ನೂ ನಾಳೆ ಬಿಚ್ಚಿಸುತ್ತಿದ್ದೇನೆ. ಶಿಮ್ ತೆಗೆಯುವುದಕ್ಕೆ ದುಡ್ಡಿಲ್ಲ ಅಂದಿರಿ, ಅದಕ್ಕೆ.